ಸವಾರನ ವೇಷ ಸರಿ. ಕುದುರೆಗೆ ನೀರು ಕೊಟ್ಟವನ ವೇಷ ಯಾರದು?



ಸೆಪ್ಟೆಂಬರ್ 23ನೆಯ ತಾರೀಖು ಹೈಫಾ ದಿನ. ಆ ದಿನ ದಿಲ್ಲಿಯ ಕನ್ನಡಿಗರೆಲ್ಲ ಒಂದು ಕಡೆ ಸೇರಬೇಕು. ಹಳೆಯ ಮೈಸೂರು ಲ್ಯಾನ್ಸರ್ ಪಡೆಯ ಸವಾರರ ವೇಷ ಹಾಕಬೇಕು. ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಭರ್ಜಿ ಹಿಡಿದು ತೀನ್ ಮೂರ್ತಿಯ ತನಕ ಮೆರವಣಿಗೆ ಹೋಗಬೇಕು. ಸಂಜೆ 6 ಗಂಟೆಗೆ ಸಭೆ, ವೇಷದ ಸ್ಪರ್ಧೆ, ಬಹುಮಾನ, ಊಟ. ಹೀಗೊಂದು ಸಲಹೆ ನಮ್ಮ ಸಂಘದ ಮುಂದೆ ಬಂದಿದೆ. ವೇಷಗಳನ್ನು ಬಾಡಿಗೆಗೆ ತರುವುದಂತೆ. ಅದರ ಖರ್ಚಿಗೆ ಸದಸ್ಯರು ತಲಾ ಒಂದು ದಿನದ ಸಂಬಳ ಕೊಡುವುದಂತೆ. ಸಾಲದೆ ಬಂದರೆ ಸಹಾಯನಿಧಿಯಿಂದ ಒಂದಿಷ್ಟು ತೆಗೆಯುವುದಂತೆ.

ನಾವು ಇದನ್ನು ವಿರೋಧಿಸುತ್ತೇವೆ. ಹೈಫಾ ದಿನವನ್ನಲ್ಲ, ಅದನ್ನು ಈ ರೀತಿಯಲ್ಲಿ ಆಚರಿಸುವುದನ್ನು. ಸಲಹೆ ತಂದವರು ನಮ್ಮವರೇ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾರೆ. ಆದರೆ ಒಳ್ಳೆಯ ಮನಸ್ಸು ಇದ್ದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಸಹಾಯನಿಧಿ ಎಂದರೇನು? ಗುರುಗಾಂವಿನಲ್ಲೋ ನೋಯ್ಡಾದಲ್ಲೋ ನಮ್ಮ ಹುಡುಗನೊಬ್ಬ ಸತ್ತರೆ ಹೆಣವನ್ನು ಊರಿಗೆ ಕಳಿಸುವ ಹಣ ಅದು. ಕುದಿಯುವ ಎಣ್ಣೆ ಕೈಮೇಲೆ ಚೆಲ್ಲಿಕೊಂಡವನ ಆಸ್ಪತ್ರೆಯ ಹಣ ಅದು. ಅದರಿಂದ ಮರದ ಭರ್ಜಿಗೆ ಬಾಡಿಗೆ ಕೊಡಬೇಕೆ? ಈ ಪ್ರಶ್ನೆಗೆ ಮೊದಲು ಉತ್ತರ ಬರಲಿ.

ಇಷ್ಟಕ್ಕೇ ನಮ್ಮ ತಕರಾರು ಮುಗಿಯುವುದಿಲ್ಲ. ಹಣ ಯಾರೋ ಪುಣ್ಯಾತ್ಮರು ಕೊಟ್ಟರೂ ನಮ್ಮ ತಕರಾರು ಉಳಿಯುತ್ತದೆ. ಏಕೆಂಬುದನ್ನು ಹೇಳುವ ಮೊದಲು, ಹೈಫಾದಲ್ಲಿ ನಡೆದುದೇನು ಎಂದು ನಮ್ಮ ಕಿರಿಯರಿಗೆ ತಿಳಿದಿರಬೇಕು. ತೀನ್ ಮೂರ್ತಿಯ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ನಮ್ಮವರಲ್ಲಿ ಎಷ್ಟು ಜನಕ್ಕೆ ಆ ಮೂರರಲ್ಲಿ ಒಬ್ಬ ಮೈಸೂರಿನವನು ಎಂದು ಗೊತ್ತಿದೆ?

ಹೈಫಾ ಎಂಬುದು ಪಾಲೆಸ್ಟೈನಿನ ಕಡಲ ದಂಡೆಯ ಒಂದು ಬಂದರು. ಈಗ ಇಸ್ರೇಲಿಗೆ ಸೇರಿದೆ. 1914 ರಿಂದ 1918 ರ ತನಕ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಅದು ತುರ್ಕರ ವಶದಲ್ಲಿತ್ತು. ಜರ್ಮನರು ಅವರ ಜೊತೆಗಿದ್ದರು. ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ ಇಂಗ್ಲಿಷರು 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಕಟ್ಟಿದ್ದರು. ಇವರಲ್ಲಿ ಮೈಸೂರು, ಹೈದರಾಬಾದಿನವರನ್ನು 1914 ರಲ್ಲಿಯೇ ಹಡಗು ಹತ್ತಿಸಿ ಈಜಿಪ್ತಿಗೆ ಕಳಿಸಿದರು. ಸೂಯೆಜ್ ಕಾಲುವೆ ಕಾದರು, ಸಿನಾಯ್ ಮರಳುಗಾಡು ದಾಟಿದರು, ನಾಲ್ಕು ವರ್ಷ ಊರ ಮುಖ ಕಾಣದೆ ಹೈಫಾ ಬಾಗಿಲಿಗೆ ಬಂದರು.

1918 ರ ಸೆಪ್ಟೆಂಬರ್ 23. ಊರಿಗೆ ಹೋಗುವ ದಾರಿಯ ಒಂದು ಕಡೆ ಕಿಶೋನ್ ಹೊಳೆಯ ಹುದುಲು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ಫಿರಂಗಿ, ತಗ್ಗಿನಲ್ಲಿ ಮಷಿನ್‌ಗನ್. ಇವರ ಕೈಯಲ್ಲಿ ಭರ್ಜಿ ಮತ್ತು ಕತ್ತಿ. ಜೋಧಪುರದವರು ಮುಂದೆ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಬಿದ್ದರು. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು, ಉಳಿದವರು ಪೂರ್ವ ಉತ್ತರಗಳಿಂದ ಊರಿಗೆ ನುಗ್ಗಿದರು. ಸಂಜೆಯೊಳಗೆ ಹೈಫಾ ಇವರ ಕೈಗೆ ಬಂತು. 1,350 ಸೆರೆಯಾಳು, 17 ಫಿರಂಗಿ, 11 ಮಷಿನ್‌ಗನ್ ಸಿಕ್ಕವು. ಈ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83.

ಮಷಿನ್‌ಗನ್ನಿನ ಎದುರು ಭರ್ಜಿ ಹಿಡಿದು ಹೋದವರ ಎದೆಗಾರಿಕೆಯನ್ನು ಅಲ್ಲಗಳೆಯುವಷ್ಟು ಕೃತಘ್ನರು ನಾವಲ್ಲ. 1922 ರಲ್ಲಿ ಇವರ ಸ್ಮಾರಕವೆಂದು ದಿಲ್ಲಿಯಲ್ಲಿ ಮೂರು ಕಂಚಿನ ಮೂರ್ತಿಗಳನ್ನು ನಿಲ್ಲಿಸಿದರು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ ಪಡೆಗೆ ಬೇರೆಯೇ ಒಂದು ಸ್ತಂಭವಿದೆ. ಸ್ವಾತಂತ್ರ್ಯದ ಮೇಲೆ, 1953 ರಲ್ಲಿ, ಮೈಸೂರಿನ ಕುದುರೆ ಪಡೆಯೂ ಸೇರಿ 61ನೆಯ ಕ್ಯಾವಲ್ರಿ ಎಂಬ ಪಡೆ ಹುಟ್ಟಿತು. ಅವರು ಈ ದಿನವನ್ನು ಮರೆತಿಲ್ಲ. 2018 ರಲ್ಲಿ, ಹೈಫಾ ಕಾಳಗದ ನೂರನೆಯ ವರ್ಷ, ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ದಿಲ್ಲಿಯ ನಡುವೆ ಕನ್ನಡನಾಡಿನ ಸಿಪಾಯಿಯೊಬ್ಬ ಕಂಚಿನಲ್ಲಿ ನಿಂತಿದ್ದಾನೆ. ನಮಗೆ ಅಭಿಮಾನವಿಲ್ಲವೆ? ಇದೆ.

ಆದರೆ ಸಂಘದ ಸಭೆಯಲ್ಲಿ ಈ ಸಲಹೆಯ ಮೇಲೆ ಮಾತು ನಡೆಯುತ್ತಿದ್ದಾಗ, ನಾಲ್ವತ್ತು ವರ್ಷ ಒಲೆಯ ಮುಂದೆ ನಿಂತ ನಮ್ಮ ಹಿರಿಯ ಅಡಿಗೆಯವರೊಬ್ಬರು ಹಿಂದಿನ ಬೆಂಚಿನಿಂದ ಎದ್ದು ಒಂದೇ ಮಾತು ಕೇಳಿದರು:

“ಅಲ್ಲ ಮಾರಾಯ್ರೆ, ಆ ಸವಾರರಿಗೆ ಬೇಯಿಸಿ ಹಾಕಿದ್ದು ಯಾರು?”

ಎಲ್ಲರೂ ನಕ್ಕರು. ನಾವೂ ನಕ್ಕೆವು. ಮನೆಗೆ ಹೋದ ಮೇಲೆ ನಗು ನಿಂತಿತು. ಬಂಧುಗಳೇ, ಆ ಮುದುಕರು ಕೇಳಿದ್ದು ತಮಾಷೆಯ ಪ್ರಶ್ನೆಯಲ್ಲ. ಆ ಪ್ರಶ್ನೆಯನ್ನು ನೂರು ವರ್ಷದಿಂದ ಯಾರೂ ಸರಿಯಾಗಿ ಕೇಳಿಲ್ಲ.

ಲೆಕ್ಕ ನೋಡಿ. ಮೊದಲನೆಯ ಮಹಾಯುದ್ಧಕ್ಕೆ ಹಿಂದೂಸ್ಥಾನದಿಂದ ಸೇರಿಸಿಕೊಂಡ ಹೋರಾಡುವ ಸಿಪಾಯಿಗಳು 8,77,068. ಹೋರಾಡದ ಆಳುಗಳು 5,63,369. ಸರಕಾರವೇ ಇಟ್ಟ ಲೆಕ್ಕ ಇದು. ಐದೂವರೆ ಲಕ್ಷ ಮೀರಿದ ಈ ಜನ ಯಾರು? ಅಡಿಗೆಯವರು, ನೀರು ಹೊರುವ ಭಿಸ್ತಿಗಳು, ಕುದುರೆ ಲಾಯದ ಆಳುಗಳು, ಹೇಸರಗತ್ತೆ ಹೊಡೆಯುವವರು, ಲಾಳ ಕಟ್ಟುವವರು, ಅಗಸರು, ಕ್ಷೌರಿಕರು, ಕಸ ಗುಡಿಸುವವರು, ಡೋಲಿ ಹೊರುವವರು, ರಸ್ತೆ ಕಡಿಯುವ ಕೂಲಿಗಳು. ಸಿಪಾಯಿ ಇದ್ದಲ್ಲಿ ಇವರೂ ಇದ್ದರು. ಗುಂಡು ಬಂದಾಗ ಇವನು ಅಡಿಗೆಯವನು ಎಂದು ಬಿಟ್ಟುಹೋಗಲಿಲ್ಲ. ಜ್ವರ ಬಂದಾಗ ಇವನು ಭಿಸ್ತಿ ಎಂದು ದಾಟಿಹೋಗಲಿಲ್ಲ. ಆದರೆ ಸಂಬಳದ ದಿನ ಮಾತ್ರ ಭೇದ ಬಂತು. ಅಡಿಗೆಯವನಿಗೂ ಭಿಸ್ತಿಗೂ ಕಸ ಗುಡಿಸುವವನಿಗೂ ಸಿಪಾಯಿಗಿಂತ ಕಡಮೆ ಕೂಲಿ, ಕಡಮೆ ಮರ್ಯಾದೆ. ಇದನ್ನು ಕೇಳಿದರೆ ನಮಗೆ ಎಲ್ಲೋ ಕೇಳಿದಂತೆ ಅನಿಸುವುದಿಲ್ಲವೆ? ಗಲ್ಲದ ಮೇಲಿರುವವನಿಗೆ ಒಂದು ಲೆಕ್ಕ, ಸಪ್ಲೈಯರಿಗೆ ಒಂದು ಲೆಕ್ಕ, ತಟ್ಟೆ ತೊಳೆಯುವ ಹುಡುಗನಿಗೆ ಲೆಕ್ಕವೇ ಇಲ್ಲ!

ಕುದುರೆಯ ವಿಷಯವನ್ನೇ ತೆಗೆದುಕೊಳ್ಳಿ. ಕುದುರೆಯೊಂದು ದಿನಕ್ಕೆ ಸುಮಾರು 30 ಲೀಟರು ನೀರು ಕುಡಿಯುತ್ತದೆ. ಐನೂರು ಕುದುರೆ ಎಂದು ಹಿಡಿದರೂ 15,000 ಲೀಟರು. ಮರಳುಗಾಡಿನಲ್ಲಿ ಇಷ್ಟು ನೀರನ್ನು ಬೆಳಿಗ್ಗೆಯೂ ಸಂಜೆಯೂ ಹುಡುಕಿ, ಸೇದಿ, ಹೊತ್ತು, ಒಂದೊಂದರ ಮೂತಿಗೂ ಹಿಡಿಯಬೇಕು. ಮೈ ತಿಕ್ಕಬೇಕು, ಗೊರಸು ನೋಡಬೇಕು, ಜೀನು ಉಜ್ಜಿದ ಹುಣ್ಣಿಗೆ ಮದ್ದು ಹಚ್ಚಬೇಕು. ಹೈಫಾದ ಕಾಳಗ ಅರ್ಧ ದಿನದಲ್ಲಿ ಮುಗಿಯಿತು. ಕುದುರೆಗೆ ನೀರು ಕೊಡುವ ಕೆಲಸ ನಾಲ್ಕು ವರ್ಷ ನಡೆಯಿತು.

ಇನ್ನು ಆ 1,350 ಸೆರೆಯಾಳುಗಳು. ಚರಿತ್ರೆ ಬರೆಯುವವನಿಗೆ ಅದು ಗೆದ್ದ ಲೆಕ್ಕ. ನಮ್ಮಂಥ ಹೋಟಲಿನವನಿಗೆ ಆ ಸಂಖ್ಯೆ ಕಂಡ ಕೂಡಲೆ ಮನಸ್ಸಿಗೆ ಬರುವುದೇನು? 1,350 ಊಟ! ಮುಂಚೆ ಹೇಳಿಕಳಿಸದೆ ಬಂದ 1,350 ಊಟ. ಮದುವೆ ಮನೆಯಲ್ಲಿ ನೂರು ಎಲೆ ಹೆಚ್ಚಾದರೆ ನಮ್ಮ ಭಟ್ಟರ ಕೈಕಾಲು ನಡುಗುತ್ತದೆ. ಅಂದು ರಾತ್ರಿ ಹೈಫಾದಲ್ಲಿ ಯಾರು ಯಾವ ಒಲೆ ಹಚ್ಚಿದರು, ಯಾವ ಹಿಟ್ಟು ಕಲಸಿದರು, ಯಾರು ತಾವು ಉಣ್ಣದೆ ಬಡಿಸಿದರು? ಆ ಪದಕದ ಪಟ್ಟಿಯಲ್ಲಿ ಅವರನ್ನು ಯಾರು ಹುಡುಕಿದರು?

ಸಿನಾಯ್ ಮರಳಿನಲ್ಲಿ ಸೈನ್ಯಕ್ಕೆ ನೀರು ತರಲು ಕೊಳಾಯಿ ಹೂಳಿದರು, ರೈಲು ಹಳಿ ಹಾಕಿದರು. ಹೂಳಿದವರು, ಹಾಕಿದವರು ಈಜಿಪ್ತಿನ ಬಡ ರೈತರು. ಲೇಬರ್ ಕೋರ್ ಎಂದು ಹೆಸರಿಟ್ಟು ಅವರನ್ನು ಹೊಲದಿಂದ ಎಬ್ಬಿಸಿ ಒಯ್ದರು. ಒಂಟೆಯ ಮೇಲೆ ನೀರಿನ ಪೀಪಾಯಿ ಕಟ್ಟಿ ನಡೆದವರೂ ಅವರೇ. ಇತ್ತ ನಮ್ಮ ನಾಡಿನಲ್ಲಿ? ಯುದ್ಧ ಶುರುವಾದ ಕೂಡಲೆ ಮೈಸೂರು ಮಹಾರಾಜರು ಇಂಗ್ಲಿಷರ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮಹಾಸ್ವಾಮಿಯವರ ಔದಾರ್ಯ ದೊಡ್ಡದು. ಆದರೆ 50 ಲಕ್ಷ ಆಕಾಶದಿಂದ ಉದುರಲಿಲ್ಲ. ಮಂಡ್ಯ, ಕೋಲಾರ, ತುಮಕೂರಿನ ರೈತ ರಾಗಿ ಮಾರಿ ಕಟ್ಟಿದ ಕಂದಾಯದಿಂದ ಬಂತು. ಸಿಪಾಯಿಯ ಮೈಮೇಲಿನ ಖಾಕಿಯೂ ಹೊದೆಯುವ ಕಂಬಳಿಯೂ ಗಿರಣಿಯಲ್ಲಿ ನೇಯ್ದದ್ದು. ಬೆಂಗಳೂರಿನ ಬಿನ್ನಿಯಂಥ ಗಿರಣಿಗಳು ಯುದ್ಧಕಾಲದಲ್ಲಿ ಸೈನ್ಯಕ್ಕೆ ದುಡಿದವು. ನಮ್ಮ ಗಿರಣಿಯ ಅಣ್ಣಂದಿರಿಗೆ ಬೇರೆ ಹೇಳಬೇಕಾಗಿಲ್ಲ. ಬಾರಾ ಹಿಂದೂ ರಾವ್‌ನ ಡಿ. ಸಿ. ಎಂ. ಗಿರಣಿ 1989 ರಲ್ಲಿ ಬಾಗಿಲು ಹಾಕಿತು. ಅಲ್ಲಿ ಮಗ್ಗದ ಸದ್ದಿಗೆ ಕಿವಿ ಕೊಟ್ಟು ಕೆಪ್ಪರಾದವರಿಗೆ ದಿಲ್ಲಿಯ ಯಾವ ಚೌಕದಲ್ಲಿ ಮೂರ್ತಿ ಇದೆ?

ಒಂದು ಸಲ ಬಸ್ಸಿನಿಂದ ಇಳಿದು ತೀನ್ ಮೂರ್ತಿಯನ್ನು ಸುತ್ತಿ ನೋಡಿ. ನಾವು ನೋಡಿದೆವು. ಕುದುರೆ ಸವಾರರ ಸ್ಮಾರಕ ಅದು. ಆದರೆ ಅದರಲ್ಲಿ ಕುದುರೆಯೇ ಇಲ್ಲ! ಮೂರು ಜನ ಸಿಪಾಯಿಗಳು ನೆಲದ ಮೇಲೆ ನಿಂತಿದ್ದಾರೆ. 60 ಕುದುರೆ ಸತ್ತವು, ಒಂದೂ ಕಂಚಾಗಲಿಲ್ಲ. ಕುದುರೆಗೇ ಜಾಗವಿಲ್ಲದ ಮೇಲೆ ಕುದುರೆಗೆ ಹುಲ್ಲು ಹಾಕಿದವನಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತೂ ಗಮನಿಸಬೇಕು. ಆ ಮೂರರಲ್ಲಿ ಹೈದರಾಬಾದಿನವನೂ ಇದ್ದಾನೆ. ಹೈಫಾದ ಮೇಲೆ ನುಗ್ಗಿದವರು ಜೋಧಪುರ, ಮೈಸೂರಿನವರು. ಹೈದರಾಬಾದಿನ ಪಡೆಯನ್ನು ಸೆರೆಯಾಳುಗಳನ್ನು ಕಾದು ಸಾಗಿಸುವ ಕೆಲಸಕ್ಕೆ ಹಾಕಿದ್ದರು. ಆದರೂ ಅವನ ಮೂರ್ತಿ ಅಲ್ಲಿದೆ, ಇರಬೇಕಾದದ್ದೇ. ಸೆರೆಯಾಳು ಕಾಯುವುದೂ ಯುದ್ಧದ ಕೆಲಸವೇ ಎಂದು ಒಪ್ಪಿದ ಮೇಲೆ, ಆ ಸೆರೆಯಾಳಿಗೆ ಅನ್ನ ಹಾಕುವುದು ಯಾವ ಕೆಲಸ? ಅವನಿಗೆ ನಾಲ್ಕನೆಯ ಮೂರ್ತಿ ಏಕಿಲ್ಲ? ನಮ್ಮ ವಾದವೆಲ್ಲ ಇಷ್ಟೇ.

ಹೆಸರುಗಳ ಮಾತಿಗೆ ಬರೋಣ. ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ್ದಾರೆ. ಅದು 1931 ರಲ್ಲಿ ತೆರೆಯಿತು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ಹಿಂದೂಸ್ಥಾನದ ಸಾಮಾನ್ಯ ಸಿಪಾಯಿಗಳನ್ನು ಪಡೆಯ ಹೆಸರಿನ ಕೆಳಗೆ ಬರೀ ಸಂಖ್ಯೆಯಾಗಿ ಬರೆದರು. ಸಿಪಾಯಿಗೇ ಈ ಗತಿಯಾದರೆ ಕೂಲಿಯ ಗತಿ? ಯುದ್ಧದ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು 2021 ರಲ್ಲಿ ತಾನೇ ಒಂದು ವರದಿ ಹೊರಡಿಸಿ ತಪ್ಪೊಪ್ಪಿಕೊಂಡಿತು: ಮೊದಲನೆಯ ಮಹಾಯುದ್ಧದಲ್ಲಿ ಸತ್ತವರಲ್ಲಿ ಕಡಮೆಯೆಂದರೂ 1,16,000 ಜನರನ್ನು, ಮುಖ್ಯವಾಗಿ ಪೂರ್ವ ಆಫ್ರಿಕದವರನ್ನೂ ಈಜಿಪ್ತಿನವರನ್ನೂ, ಹೆಸರು ಹಿಡಿದು ಎಲ್ಲಿಯೂ ಸ್ಮರಿಸಿಲ್ಲ, ಆ ಸಂಖ್ಯೆ 3,50,000 ಕೂಡ ಆಗಿರಬಹುದು. ನೂರು ವರ್ಷ ಕಳೆದ ಮೇಲೆ ಕ್ಷಮೆ ಕೇಳಿದರು. ನೀರು ಹೊತ್ತವನ ಮೊಮ್ಮಗನೂ ಸತ್ತಿರಬೇಕು ಅಷ್ಟು ಹೊತ್ತಿಗೆ!

ದೊರೆಗಳು ಮರೆತರು, ಅದು ದೊರೆಗಳ ಗುಣ. ಆದರೆ ಹೋಟಲಿನವರ ಸಂಘ, ಗಿರಣಿಯವರ ಸಂಘ ಸೇರಿ ಹೈಫಾ ದಿನ ಮಾಡುವಾಗ ನಾವೂ ಅದೇ ಮರೆವನ್ನು ಬಾಡಿಗೆಗೆ ತರಬೇಕೆ? ನೂರು ಜನ ಸೇರಿ ನೂರು ಜನವೂ ಸವಾರರೇ ಆದರೆ ಒಬ್ಬ ಅಡಿಗೆಯವನಿಲ್ಲ, ಒಬ್ಬ ಭಿಸ್ತಿಯಿಲ್ಲ. ಅಡಿಗೆಯವರೆಲ್ಲ ಸೇರಿ ಅಡಿಗೆಯವನನ್ನು ಅಳಿಸಿಹಾಕುವ ಮೆರವಣಿಗೆ ಅದು!

ವೇಷವೆಂದರೆ ನಮಗೆ ತಾತ್ಸಾರವೆಂದು ತಿಳಿಯಬೇಡಿ. ನಮ್ಮಲ್ಲಿ ಬಹಳ ಜನ ಕರಾವಳಿಯವರು. ವೇಷದ ಬೆಲೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನವರಾತ್ರಿಯಲ್ಲಿ ಊರಿನ ಬಡವ ಹುಲಿವೇಷ ಹಾಕುತ್ತಾನೆ. ಏಕೆ ಹಾಕುತ್ತಾನೆ? ಮಗುವಿಗೆ ಕಾಯಿಲೆಯಾದಾಗ ಹರಕೆ ಹೊತ್ತಿರುತ್ತಾನೆ. ಮೈಗೆಲ್ಲ ಬಣ್ಣ ಬಳಿದುಕೊಂಡು ಬಿಸಿಲಲ್ಲಿ ಮನೆಮನೆ ಕುಣಿಯುತ್ತಾನೆ. ಹರಕೆ ತೀರಿದ ಮೇಲೆ ಬಣ್ಣ ತೊಳೆಯುತ್ತಾನೆ. ಯಕ್ಷಗಾನದ ಆಟ ನೋಡಿ: ರಂಗಸ್ಥಳಕ್ಕೆ ಬರುವ ಮೊದಲು ಚೌಕಿಯಲ್ಲಿ ದೇವರ ಮುಂದೆ ದೀಪವಿಟ್ಟು ಕೈಮುಗಿಯುತ್ತಾರೆ. ಅರ್ಜುನನ ಕಿರೀಟ ಕಟ್ಟಿ ಬಿಗಿಯುವವನೊಬ್ಬ ಹಿಂದೆ ಇರುತ್ತಾನೆ. ಅವನ ಕೈ ಸಡಿಲಾದರೆ ಅರ್ಜುನನ ಕಿರೀಟ ರಂಗದ ಮೇಲೆ ಉರುಳುತ್ತದೆ. ಅದು ಮೇಳದವರಿಗೆಲ್ಲ ಗೊತ್ತು. ಹರಕೆಯಿಲ್ಲದ ವೇಷ, ಚೌಕಿಯಿಲ್ಲದ ಆಟ ನಮ್ಮೂರ ಪದ್ಧತಿಯಲ್ಲ. ಈ ಹೈಫಾ ವೇಷಕ್ಕೆ ಹರಕೆ ಯಾವುದು? ಫೋಟೋ ತೆಗೆಸಿಕೊಳ್ಳುವುದೆ?

ಇನ್ನು ಬಾಡಿಗೆ ವೇಷದ ರುಚಿಯೂ ನಮಗೆ ಗೊತ್ತು. ಕೆಲವು ವರ್ಷದ ಹಿಂದೆ ಈ ಊರಿನ ಒಂದು ಹೋಟಲಿನಲ್ಲಿ, ಹೆಸರು ಇಲ್ಲಿ ಬೇಡ, ನಮ್ಮನ್ನು ಆರು ಜನರನ್ನು ಆರಿಸಿ ಮೈಸೂರು ಪೇಟ, ಜರಿಯ ಶಲ್ಯ ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದರು. ಬಂದವರಿಗೆ ತಲೆಬಾಗಿ ಕೈಮುಗಿಯಬೇಕು, ನಗಬೇಕು, ಅವರ ಮಕ್ಕಳ ಜೊತೆ ಫೋಟೋಗೆ ನಿಲ್ಲಬೇಕು. ದಿವಾನರ ಪೇಟ ತಲೆಯ ಮೇಲೆ, ಕೆಳಗೆ ಹನ್ನೆರಡು ಗಂಟೆ ನಿಂತು ಬಾತ ಕಾಲು. ಕೂರಲು ಒಂದು ಸ್ಟೂಲು ಕೇಳಿದೆವು. ಪೇಟ ಹಾಕಿದವನು ಕೂರಬಾರದು ಎಂದರು. ಒಂದು ದಿನ ಒಂದು ಪೇಟ ಕಾಣೆಯಾಯಿತು. ತಿಂಗಳ ಕೊನೆಗೆ ಆರು ಜನರ ಸಂಬಳದಿಂದಲೂ ಅದರ ಬೆಲೆ ಹಿಡಿದರು. ಒಂದು ಪೇಟಕ್ಕೆ ಆರು ಪೇಟದ ಹಣ! ಅಂದು ನಮಗೆ ತಿಳಿಯಿತು: ವೇಷ ಯಾರದ್ದೋ ಆಗಿ ಮೈ ಮಾತ್ರ ನಮ್ಮದಾದರೆ, ಆ ವೇಷ ಮರ್ಯಾದೆ ತರುವುದಿಲ್ಲ, ಇದ್ದ ಮರ್ಯಾದೆಯನ್ನು ಕಳೆಯುತ್ತದೆ. ಸಂಘ ಕಟ್ಟುವ ಕೆಲಸಕ್ಕೆ ನಾವು ಇಳಿದದ್ದೂ ಆ ಪೇಟದಿಂದಲೇ.

ನಮ್ಮ ವಿರೋಧಿಗಳ ಮಾತನ್ನೂ ಕೇಳೋಣ.

ಒಬ್ಬರು ಹೇಳುತ್ತಾರೆ: “ವೀರರ ದಿನದಲ್ಲಿ ಸಂಬಳ ಸಾರುಗಳ ಮಾತು ತರಬೇಡಿ. ಎಲ್ಲದಕ್ಕೂ ನಿಮ್ಮ ಸಂಘದ ಕೊಂಕು.” ಸ್ವಾಮಿ, ಸಾರಿಲ್ಲದೆ ವೀರರು ಯಾವ ಊರಿನಲ್ಲಿ ಹುಟ್ಟಿದ್ದಾರೆ? ಮಹಾಭಾರತದ ವಲಲನನ್ನು ಮರೆತಿರಾ? ವಿರಾಟನ ಅಡಿಗೆಮನೆಯಲ್ಲಿ ಸೌಟು ಹಿಡಿದವನು ಭೀಮನೇ. ಅದೇ ಕೈ ಕೀಚಕನನ್ನು ಮುಗಿಸಿತು. ನಕುಲನು ಅದೇ ಅರಮನೆಯ ಲಾಯದಲ್ಲಿ ಕುದುರೆ ತಿಕ್ಕಿದ. ನಮ್ಮ ಹಿರಿಯರು ಸೌಟಿಗೂ ಲಾಯಕ್ಕೂ ಕಥೆಯಲ್ಲಿ ಜಾಗ ಕೊಟ್ಟರು. ನಾವೇಕೆ ಕೊಡಬಾರದು?

ಇನ್ನೊಬ್ಬರು, ನಮ್ಮ ಕಡೆಯವರೇ, ಕೊಂಚ ಬಿಸಿರಕ್ತದವರು, ಹೇಳುತ್ತಾರೆ: “ಅವರು ಇಂಗ್ಲಿಷರ ಚಾಕರಿ ಮಾಡಿದವರು. ಯಾರದೋ ಯುದ್ಧದಲ್ಲಿ ಯಾರನ್ನೋ ಕೊಂದರು. ಅವರ ನೆನಪೇ ನಮಗೆ ಬೇಡ.” ಯುದ್ಧ ಇಂಗ್ಲಿಷರದ್ದೇ, ಇದನ್ನು ನಾವು ಮುಚ್ಚಿಡಬಾರದು. ಹೈಫಾ ಗೆದ್ದುಕೊಟ್ಟ ಏಳು ತಿಂಗಳಿಗೆ ಅದೇ ಇಂಗ್ಲಿಷರು, 1919 ರ ಏಪ್ರಿಲ್ 13 ರಂದು, ಜಲಿಯನ್‌ವಾಲಾಬಾಗಿನಲ್ಲಿ ಕೊಟ್ಟ ಸಂಬಳವನ್ನು ದೇಶವೆಲ್ಲ ಕಂಡಿತು. ಆದರೆ ಚಾಕರಿ ಮಾಡಿದವನನ್ನು ಹಳಿಯುವ ಮೊದಲು ನಮ್ಮ ಕೈ ನೋಡಿಕೊಳ್ಳೋಣ. ನಾವು ಯಾರ ಚಾಕರಿ ಮಾಡುತ್ತಿದ್ದೇವೆ? ಹೊಟ್ಟೆಪಾಡಿಗೆ ಹಡಗು ಹತ್ತಿದವನನ್ನು, ಹೊಟ್ಟೆಪಾಡಿಗೆ ರೈಲು ಹತ್ತಿದ ನಾವು ಹೀಗಳೆಯುವುದೆ? ಯಜಮಾನನ ತಪ್ಪನ್ನು ಆಳಿನ ತಲೆಗೆ ಕಟ್ಟುವುದು ಯಜಮಾನರ ಪದ್ಧತಿ. ನಮಗೆ ಅದು ಬೇಡ. ಆ ಜನರನ್ನು ನೆನೆಯೋಣ. ಆ ಯುದ್ಧದ ಜಾತ್ರೆ ಮಾಡುವುದು ಬೇಡ. ಆ ನಾಡಿನಲ್ಲಿ 1918 ರ ಮೇಲೂ ಯುದ್ಧಗಳು ಮುಗಿಯಲಿಲ್ಲ. ಅಲ್ಲಿ ಮನೆ ಕಳೆದುಕೊಂಡವರ, ಮಕ್ಕಳ ಕಳೆದುಕೊಂಡವರ ನಡುವೆ ಎರಡು ಜನಾಂಗದವರೂ ಇದ್ದಾರೆ. ಅದನ್ನು ಮರೆತು ನಾವು ಭರ್ಜಿ ತಿರುಗಿಸಿ ಸಿಳ್ಳೆ ಹಾಕಿದರೆ ನಮ್ಮನ್ನು ಯಾರು ಮನುಷ್ಯರೆಂದಾರು?

ಮೂರನೆಯವರು: “ವೇಷವಿದ್ದರೆ ಹುಡುಗರು ಬರುತ್ತಾರೆ, ಬರಿಯ ಭಾಷಣಕ್ಕೆ ಯಾರು ಬರುತ್ತಾರೆ?” ನಿಜ. ಆದುದರಿಂದಲೇ ವೇಷ ಇರಲಿ ಎನ್ನುತ್ತೇವೆ. ಆದರೆ ಸಂಜೆ 6 ಗಂಟೆಗೆ ಯಾವ ಹುಡುಗ ಬರುತ್ತಾನೆ? ದೋಸೆಕಲ್ಲು ಕಾದು, ಮೇಜು ತುಂಬಿ, “ಎರಡು ಮಸಾಲೆ, ಒಂದು ರವೆ” ಎಂದು ಕೂಗು ಏಳುವ ಹೊತ್ತು ಅದು. ಆ ಹೊತ್ತಿಗೆ ಬರಬಲ್ಲವರು ಕಚೇರಿಯ ಕನ್ನಡಿಗರು ಮಾತ್ರ. ಬರಲಿ, ಸಂತೋಷ, ಅವರೂ ನಮ್ಮವರೇ. ಆದರೆ ಹೋಟಲು ಕಾರ್ಮಿಕರು ಹಣ ಕೊಟ್ಟು, ಹೋಟಲು ಕಾರ್ಮಿಕರೇ ಇಲ್ಲದ ಸಭೆ ನಡೆಸುವುದನ್ನು ಏನೆಂದು ಕರೆಯಬೇಕು? ದಿಲ್ಲಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ 1954 ರಲ್ಲಿಯೇ ವಾರಕ್ಕೊಂದು ರಜೆ ಕೊಡಬೇಕೆಂದು ಬರೆಯಿತು. ಬರೆದು ಎಪ್ಪತ್ತು ವರ್ಷ ಮೀರಿತು. ನಮ್ಮಲ್ಲಿ ಎಷ್ಟು ಜನಕ್ಕೆ ಆ ರಜೆ ಸಂಬಳ ಸಹಿತ ಸಿಗುತ್ತಿದೆ? ಕೈ ಎತ್ತಿ ಎಂದರೆ ಸಭೆಯಲ್ಲಿ ಎಷ್ಟು ಕೈ ಏಳುತ್ತವೆ ಎಂದು ನಮಗೂ ಗೊತ್ತು, ನಿಮಗೂ ಗೊತ್ತು.

ಇನ್ನೊಂದು ಮಾತು. ಹೈಫಾ ಹಳೆಯ ಕಥೆ, ನಮಗೂ ಅದಕ್ಕೂ ಏನು ಎಂದು ತಿಳಿಯಬೇಡಿ. ಇಂದು ಆ ನಾಡಿಗೆ ಇಲ್ಲಿಂದ ಯಾರು ಹೋಗುತ್ತಿದ್ದಾರೆ? ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮಕ್ಕಳು ಇಸ್ರೇಲಿನ ಮನೆಗಳಲ್ಲಿ ಮುದುಕರ ಆರೈಕೆ ಮಾಡುತ್ತಿದ್ದಾರೆ. 2024 ರ ಜನವರಿಯಲ್ಲಿ ದಿಲ್ಲಿಗೆ ಹತ್ತಿರದ ರೋಹ್ತಕ್‌ನಲ್ಲಿ, ಅಲ್ಲಿ ಯುದ್ಧ ನಡೆಯುತ್ತಿರುವಾಗಲೇ, ಅಲ್ಲಿನ ಕಟ್ಟಡ ಕೆಲಸಕ್ಕೆ ಆಳುಗಳನ್ನು ಆರಿಸಿದರು. ಕೊರೆಯುವ ಚಳಿಯಲ್ಲಿ ಗಾರೆಯವರೂ ಬಡಗಿಗಳೂ ಸಾಲು ನಿಂತರು. ಅಪಾಯ ಗೊತ್ತಿಲ್ಲದೆಯೆ? ಗೊತ್ತಿತ್ತು. ಇಲ್ಲಿಯ ಕೂಲಿಯಲ್ಲಿ ಮನೆ ನಡೆಯದೆ ನಿಂತರು. ನೂರು ವರ್ಷದ ಹಿಂದೆ ಭರ್ಜಿಯ ಹಿಂದೆ ಭಿಸ್ತಿ ಹೋದ. ಇಂದು ಭರ್ಜಿ ಇಲ್ಲ, ಭಿಸ್ತಿ ಮಾತ್ರ ಹೋಗುತ್ತಿದ್ದಾನೆ. ಅವನ ಹೆಸರನ್ನು ಈಗಲೇ ಬರೆದಿಡದೆ, ಇನ್ನು ನೂರು ವರ್ಷಕ್ಕೆ ಯಾವುದೋ ಆಯೋಗ ಕ್ಷಮೆ ಕೇಳಲಿ ಎಂದು ಕಾಯಬೇಕೆ?

ಆದುದರಿಂದ ನಮ್ಮ ಬದಲಿ ಸಲಹೆ ಇದು. ಮುಂದಿನ ಸಭೆಯಲ್ಲಿ ಇದನ್ನೇ ಮಂಡಿಸುತ್ತೇವೆ.

ಹೈಫಾ ದಿನ ನಡೆಯಲಿ. ಹೊತ್ತು ಮಧ್ಯಾಹ್ನ 3 ಗಂಟೆ, ಊಟ ಮುಗಿದು ತಿಂಡಿ ಶುರುವಾಗುವ ನಡುವಿನ ಬಿಡುವು. ಒಂದೂವರೆ ಗಂಟೆ ಸಾಕು.

ಒಂದು ದಿನದ ಸಂಬಳ ಯಾರೂ ಕೊಡಬೇಕಾಗಿಲ್ಲ. ಸಹಾಯನಿಧಿಯನ್ನು ಯಾರೂ ಮುಟ್ಟಕೂಡದು.

ವೇಷ ಬಾಡಿಗೆಗೆ ತರುವುದು ಬೇಡ. ಮೂರು ಜನ ಸವಾರರಿರಲಿ, ಮೂರು ಮೂರ್ತಿಗೆ ಮೂವರು. ಅವರ ರುಮಾಲನ್ನು ನಮ್ಮ ಗಿರಣಿಯ ಹಿರಿಯರು ಕಟ್ಟಿಕೊಡಲಿ. ಉಳಿದವರೆಲ್ಲ ಉಳಿದವರಾಗಲಿ. ಒಬ್ಬ ಚರ್ಮದ ಚೀಲ ಹೊತ್ತ ಭಿಸ್ತಿ. ಒಬ್ಬ ಹುಲ್ಲಿನ ಹೊರೆ ಹೊತ್ತ ಲಾಯದವನು. ಲಾಳ ಸುತ್ತಿಗೆ ಹಿಡಿದವನೊಬ್ಬ. ಪೊರಕೆ ಹಿಡಿದವನೊಬ್ಬ. ಒಂಟೆಯ ಹಗ್ಗ ಹಿಡಿದ ಈಜಿಪ್ತಿನ ರೈತನೊಬ್ಬ. ರಾಗಿ ಮೂಟೆ ಹೊತ್ತ ನಮ್ಮ ರೈತನೊಬ್ಬ. ಮನೆಯಲ್ಲಿ ಕಾದು ಕೂತ ಹೆಂಡತಿ, ತಾಯಿ ಇವರ ವೇಷವನ್ನು ನಮ್ಮ ಹೆಣ್ಣುಮಕ್ಕಳು ಹಾಕಲಿ. ಅವರಿಗೆ ಬೇರೆ ಬಟ್ಟೆಯೂ ಬೇಡ. ಅಡಿಗೆಯವನ ವೇಷಕ್ಕೆ ಬಾಡಿಗೆ ಏತಕ್ಕೆ? ನಮ್ಮ ಅಡಿಗೆಯವರು ಎಣ್ಣೆ ಕಲೆಯ ಪಂಚೆ, ಹೆಗಲ ಮೇಲಿನ ಚೌಕದೊಂದಿಗೆ ಒಲೆಯ ಮುಂದಿನಿಂದ ಹಾಗೆಯೇ ಎದ್ದು ಬರಲಿ. ಅವರು ಎಲ್ಲರಿಗಿಂತ ಮುಂದೆ ನಡೆಯಲಿ.

ತೀನ್ ಮೂರ್ತಿಯಲ್ಲಿ ಮುಖ್ಯ ಅತಿಥಿ ಬೇಡ, ಹಾರ ಬೇಡ. ಮೈಸೂರಿನ ಮೂರ್ತಿಯ ಮುಂದೆ ಒಂದು ತಂಬಿಗೆ ನೀರು ಇಡೋಣ. ಅದು ಸವಾರನಿಗೂ ಸಲ್ಲಲಿ, ಕುದುರೆಗೂ ಸಲ್ಲಲಿ, ನೀರು ಹೊತ್ತವನಿಗೂ ಸಲ್ಲಲಿ. ಆಮೇಲೆ ಈ ಊರಿನಲ್ಲಿ ದುಡಿಯುತ್ತ ಸತ್ತ ನಮ್ಮ ಹೋಟಲು, ಗಿರಣಿ ಬಂಧುಗಳ ಹೆಸರುಗಳನ್ನು ಒಂದೊಂದಾಗಿ ಓದೋಣ. ಇದಕ್ಕಾಗಿ ಒಂದು ಪುಸ್ತಕ ಇಂದೇ ತೆರೆಯಬೇಕು. ಹೆಸರು, ಊರು, ಮಾಡುತ್ತಿದ್ದ ಕೆಲಸ, ಇಷ್ಟು ಬರೆದರೆ ಸಾಕು. ನಿಮ್ಮ ಕೋಣೆಯಲ್ಲಿ, ನಿಮ್ಮ ಅಡಿಗೆಮನೆಯಲ್ಲಿ ಇದ್ದು ಹೋದವರ ಹೆಸರು ನಿಮಗೆ ಮಾತ್ರ ಗೊತ್ತಿರಬಹುದು. ಸಂಘದ ಕಚೇರಿಗೆ ಬಂದು ಬರೆಸಿ. ಬರೆಯಲು ಬಾರದವರು ಬಂದು ಹೇಳಿ, ನಾವು ಬರೆಯುತ್ತೇವೆ.

ಕಡೆಗೆ ಹರಕೆ. ವೇಷ ಹಾಕಿದ ಮೇಲೆ ಹರಕೆ ಇರಲೇಬೇಕು. ನಮ್ಮ ಹರಕೆ ಇದು: ಪ್ರತಿಯೊಬ್ಬ ಸದಸ್ಯನ ಕೈಯಲ್ಲಿ ಕೆಲಸದ ಚೀಟಿ, ವಾರಕ್ಕೊಂದು ಸಂಬಳದ ರಜೆ, ಬಾಗಿಲಲ್ಲಿ ನಿಲ್ಲುವವನಿಗೆ ಕೂರಲು ಒಂದು ಸ್ಟೂಲು. ಇದು ತೀರುವ ತನಕ ಪ್ರತಿ ವರ್ಷ ಸೆಪ್ಟೆಂಬರ್ 23 ಕ್ಕೆ ನಾವು ಇದೇ ವೇಷ ಹಾಕುತ್ತೇವೆ. ತೀರಿದ ವರ್ಷ ಬಣ್ಣ ತೊಳೆಯೋಣ.

ಬಂಧುಗಳೇ, ಮುಂದಿನ ಸಭೆಗೆ ತಪ್ಪದೆ ಬನ್ನಿ. ಆ ಹಿರಿಯ ಅಡಿಗೆಯವರ ಪ್ರಶ್ನೆಗೆ ಉತ್ತರ ಕೊಡುವ ಸರದಿ ಈಗ ನಮ್ಮದು.